ಮನೆಯ ಮೇಜಿಗೆ ಸಣ್ಣ ವೈರ್‌ಲೆಸ್ ಮೆಕ್ಯಾನಿಕಲ್ ಕೀಬೋರ್ಡ್: ಕನ್ನಡ ಟೈಪಿಂಗ್‌ಗೆ 65% ಸಾಕೋ, 75% ಬೇಕೋ?

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ್ರಿ. ಮೇಜು ಪ್ಲೈವುಡ್‌ದು, 90 ಸೆಂ.ಮೀ. ಅಗಲ, 45 ಸೆಂ.ಮೀ. ಆಳ, ಎತ್ತರ 30 ಇಂಚು. ಸಿಪಿಯು ಡಬ್ಬಿ ಮೇಜಿನ ಕೆಳಗ, ವಿಂಡೋಸ್ 11. ಈಗಿನ ಫುಲ್ ಸೈಜ್ ಕೀಬೋರ್ಡ್ 44 ಸೆಂ.ಮೀ. ಅದ, ಮೌಸ್ ಆಡಿಸಲಿಕ್ಕೆ ಜಾಗಾನೇ ಉಳಿಯಂಗಿಲ್ಲ. ಸಣ್ಣದು, ವೈರ್ ಇಲ್ಲದ್ದು, ಮೆಕ್ಯಾನಿಕಲ್ (ಒಂದೊಂದ್ ಕೀಗೂ ಬೇರೆ ಸ್ವಿಚ್ ಇರೋದು) ಬೇಕು. ಕೆಲಸ ಏನಂದ್ರ ದಿನಾ ನಾಲ್ಕೈದು ತಾಸು ಇನ್‌ಸ್ಕ್ರಿಪ್ಟ್‌ನಾಗ (ವಿಂಡೋಸ್‌ನಾಗ ಇರೋ ಕನ್ನಡ ಕೀ ವಿನ್ಯಾಸ) ಕನ್ನಡ, ಸಂಜಿಗೆ ಟ್ಯಾಲಿಯೊಳಗ ಲೆಕ್ಕದ ಎಂಟ್ರಿ. ಅದೇ ಮಷೀನ್ ಮ್ಯಾಲ ಮನ್ಯಾಗ ಇನ್ನೊಬ್ಬರು ಹಳೇ ನುಡಿ ತಂತ್ರಾಂಶದೊಳಗ ಟೈಪ್ ಮಾಡತಾರ. ಗೇಮ್ ಯಾರೂ ಆಡಂಗಿಲ್ಲ. 65% ತಗೊಂಡ್ರ ನಡೀತದೇನ್ರಿ?

ಘಟಪ್ರಭಾ_ದಂಡಿ (ಬಾಗಲಕೋಟೆ)

ಇನ್‌ಸ್ಕ್ರಿಪ್ಟ್ ಅಂದಿರಲ್ಲ, ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು.

ಮೊದಲು ಕೀಗಳ ಲೆಕ್ಕ. 60% ಅಂದರೆ 61 ಕೀ. 65% ಅಂದರೆ 67 ಅಥವಾ 68, ಬಾಣದ ಕೀಗಳು ಇರುತ್ತವೆ. 75% ಅಂದರೆ 81ರಿಂದ 84, ಮೇಲೆ ಎಫ್ ಸಾಲು (ಎಫ್1ರಿಂದ ಎಫ್12) ಬರುತ್ತದೆ. ನಂಬರ್ ಪ್ಯಾಡ್ ಒಂದನ್ನೇ ಕತ್ತರಿಸಿದ್ದು ಟಿಕೆಎಲ್, 87 ಕೀ. ಶೇಕಡಾ ಅನ್ನೋದು ಬರೀ ವಾಡಿಕೆಯ ಹೆಸರು, ಸ್ಕೇಲ್ ಹಿಡಿದು ಅಳೆದದ್ದಲ್ಲ. 75% ಬೋರ್ಡ್ ಸುಮಾರು 32 ಸೆಂ.ಮೀ. ಅಗಲ ಇರುತ್ತದೆ, 65% ಅದಕ್ಕಿಂತ ಒಂದೆರಡು ಬೆರಳಷ್ಟೇ ಕಡಿಮೆ. ಅಂದರೆ 44ರಿಂದ 32ಕ್ಕೆ ಇಳಿಯೋದರಲ್ಲೇ ಮೌಸಿಗೆ ಅರ್ಧ ಗೇಣಿನಷ್ಟು ಜಾಗ ಸಿಗುತ್ತದೆ. 65ಕ್ಕೆ ಹೋದರೆ ಅದಕ್ಕಿಂತ ಹೆಚ್ಚಿನ ಲಾಭ ಏನೂ ಇಲ್ಲ, ಕಳೆದುಕೊಳ್ಳೋದು ಮಾತ್ರ ಬಹಳ.

ಏನು ಕಳೆದುಕೊಳ್ತೀರಿ ಅಂದರೆ, 1ರ ಎಡಗಡೆಯ ಕೀ. ಇಂಗ್ಲಿಷಿನಲ್ಲಿ ` ಮತ್ತು ~ ಇರುವ ಆ ಕೀಯನ್ನು ಇಂಗ್ಲಿಷ್ ಬರೆಯೋರು ತಿಂಗಳಿಗೊಮ್ಮೆಯೂ ಮುಟ್ಟೋದಿಲ್ಲ, ಹಂಗಾಗಿ ಸಣ್ಣ ಬೋರ್ಡ್ ಮಾಡೋರು ಮೊದಲು ಅದಕ್ಕೇ ಕೈ ಹಾಕುತ್ತಾರೆ. ಆದರೆ ಕನ್ನಡ ಇನ್‌ಸ್ಕ್ರಿಪ್ಟ್‌ನಲ್ಲಿ ಅದನ್ನು ಒತ್ತಿದರೆ ೊ, ಶಿಫ್ಟ್ ಹಿಡಿದು ಒತ್ತಿದರೆ ಒ. ಒಂದು, ಹೊಸ, ಕೊಟ್ಟು, ತೊಗರಿ, ಮಾಡಿಕೊಂಡು: ಹ್ರಸ್ವ ಒಕಾರ ಇಲ್ಲದೆ ನಮ್ಮದು ಎರಡು ಸಾಲು ಮುಂದೆ ಹೋಗೋದಿಲ್ಲ.

60ರಲ್ಲಿ, ಬಹುತೇಕ 65ರಲ್ಲೂ ಆ ಜಾಗದಲ್ಲಿ ಎಸ್ಕೇಪ್ ಬಂದು ಕೂತಿರುತ್ತದೆ. ೊ ಬೇಕಾದರೆ ಎಫ್‌ಎನ್ (ಬೇರೆ ಕೀಗೆ ಎರಡನೇ ಕೆಲಸ ಕೊಡುವ Fn ಕೀ) + ಎಸ್ಕೇಪ್, ಒ ಬೇಕಾದರೆ ಎಫ್‌ಎನ್ + ಶಿಫ್ಟ್ + ಎಸ್ಕೇಪ್. 'ರೊಟ್ಟಿ' ಬರೆದು ನೋಡಿ. ಜೆ, `, ', ಡಿ, ', ಎಫ್, ಹೀಗೆ ಆರು ಏಟು. ಎರಡನೇ ಏಟಿಗೇ ಬಲಗೈ ಕೆಳಗಿನ ಎಫ್‌ಎನ್‌ಗೆ ಹೋಗಬೇಕು, ಎಡಗೈ ಮೇಲಿನ ಮೂಲೆಗೆ ಹೋಗಬೇಕು. ಅಲ್ಲಿ ಲಯ ಮುರೀತು. ಎಫ್‌ಎನ್ ಮರೆತು ಬರೀ ಎಸ್ಕೇಪ್ ಒತ್ತಿದರೆ ತೆರೆದಿದ್ದ ಡೈಲಾಗ್ ಮುಚ್ಚಿಹೋಗುತ್ತದೆ. ಒ ಬರೆಯಲು ಹೋಗಿ ಶಿಫ್ಟ್ + ಎಸ್ಕೇಪ್ ಒತ್ತಿದರೆ ಕ್ರೋಮ್‌ನಲ್ಲಿ ಅದರ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಎಫ್‌ಎನ್ ಬದಲು ಕಂಟ್ರೋಲ್ ಒತ್ತಿದರೆ ವಿಂಡೋಸಿನ ಟಾಸ್ಕ್ ಮ್ಯಾನೇಜರ್.

75%ರಲ್ಲಿ ಎಸ್ಕೇಪ್ ಎಫ್ ಸಾಲಿಗೆ ಹೋಗಿರುತ್ತದೆ, ` ತನ್ನ ಜಾಗದಲ್ಲೇ ಉಳಿಯುತ್ತದೆ. ಆದರೂ ಕೊಳ್ಳುವ ಮುಂಚೆ ಚಿತ್ರ ದೊಡ್ಡದು ಮಾಡಿ ಆ ಮೂಲೆ ಒಮ್ಮೆ ನೋಡಿಕೊಳ್ಳಿ.

ಲೆಡ್ಜರ್_ಪುಟ (ಬೆಳಗಾವಿ)

ಟ್ಯಾಲಿ ಐತಿ ಅಂದ್ರ 65ರ ಮಾತು ಬಿಡ್ರಿ. ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಸಂಜಿ ಪೂರ್ತಿ ಕೈ ಅಲ್ಲೇ ಇರತೈತಿ. 65ರಾಗ ಇವೆಲ್ಲಾ ಎಫ್‌ಎನ್ + ಅಂಕಿ. ಒಂದು ವೋಚರ್‌ಗೆ ನಡೀತೈತಿ, ಒಂದು ದಿನದ ಬುಕ್ಕಿಗೆ ನಡಿಯಂಗಿಲ್ಲ.

75 ತಗೊಂಡ್ರೂ ಒಂದು ಮಾತು ತಲ್ಯಾಗ ಇರ್ಲಿ. ಭಾಳಷ್ಟು ಬೋರ್ಡಿನಾಗ ಎಫ್ ಸಾಲು ಮೊದಲು ಬೆಳಕು, ಹಾಡು, ಆವಾಜಿಗೆ ಇಟ್ಟಿರತಾರ. ಎಫ್7 ಒತ್ತಿದ್ರ ಜರ್ನಲ್ ಬರೂದಿಲ್ಲ, ಹಿಂದಿನ ಹಾಡು ಬರತೈತಿ. ಕೀಬೋರ್ಡ್ ಕೆಟ್ಟೈತಿ ಅಂತ ವಾಪಸ್ ಕಳಿಸೋರದಾರ. ಅದನ್ನ ತಿರುಗಿಸೋ ಕೀ ಜೋಡಿ ಕೈಪಿಡಿಯೊಳಗ ಇರತೈತಿ. ಕೀಕ್ರಾನ್ ಕಂಪನಿಯ ಕೆ ಸರಣಿಯ ಹಲವು ಬೋರ್ಡಿಗೆ ಎಫ್‌ಎನ್ + ಎಕ್ಸ್ + ಎಲ್ ಮೂರೂ ಕೂಡಿ 4 ಸೆಕೆಂಡ್ ಹಿಡೀಬೇಕು. ಇನ್ನು ಬದಿಗೆ ಮ್ಯಾಕ್/ವಿಂಡೋಸ್ ಅಂತ ಸಣ್ಣ ಸ್ಲೈಡರ್ ಇದ್ರ ಅದು ವಿಂಡೋಸ್ ಕಡೆ ಐತೇನ್ ನೋಡ್ರಿ. ಮ್ಯಾಕ್ ಕಡೆ ಇದ್ರ ಆಲ್ಟ್, ವಿಂಡೋಸ್ ಕೀ ಅದಲು ಬದಲಾಗಿ ಟ್ಯಾಲಿಯ ಆಲ್ಟ್ + ಜಿ ಕೆಲಸಾನೇ ಮಾಡಂಗಿಲ್ಲ.

ಅಂಕಿ ಹೊಡೀಲಿಕ್ಕೆ ಬೇರೆ ನಂಬರ್ ಪ್ಯಾಡ್ ತಗೋರಿ. 17 ಕೀದು ಸಾಕು, ಅಂಗೈ ಅಗಲ ಇರತೈತಿ. ಟ್ಯಾಲಿ ಹೊತ್ತಿನಾಗ ಬಲಕ್ಕ ಇಡ್ರಿ, ಮುಗಿದ ಮ್ಯಾಲ ಮಾನಿಟರ್ ಕೆಳಗ ಸರಸ್ರಿ. ಇದು ಫುಲ್ ಸೈಜ್ ಕೀಬೋರ್ಡಿಗೆ ಆಗದ ಕೆಲಸ.

ಕುಂದಾ_ಡಬ್ಬಿ (ಬೆಳಗಾವಿ)

ನುಡಿಯವರ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ನಾನು ಹೇಳುತ್ತೇನೆ.

ನುಡಿಯ ಕಗಪ ಎಂಬ ಕೀ ವಿನ್ಯಾಸಕ್ಕೆ ` ಕೀ ಬೇಕಿಲ್ಲ, ಹಾಗಾಗಿ ಆ ತೊಂದರೆ ಇಲ್ಲ. ಅಲ್ಲಿ ಭಾರವೆಲ್ಲ ಶಿಫ್ಟ್ ಮೇಲೆ. ನಮ್ಮ ಮೂರು ಊರಿನ ಹೆಸರನ್ನೇ ತಗೊಳ್ಳಿ. ವಿಜಯಪುರಕ್ಕೆ ಏಳು ಕೀ, ಶಿಫ್ಟ್ ಒಂದೂ ಇಲ್ಲ. ಬೆಳಗಾವಿಗೂ ಏಳೇ, ಆದರೆ ಳ ಮತ್ತು ಾ ಎರಡಕ್ಕೂ ಶಿಫ್ಟ್. ಬಾಗಲಕೋಟೆಗೆ ಎಂಟು ಕೀ, ಎರಡು ಶಿಫ್ಟ್. (ವಿಜಯಪುರದವರು ಪುಣ್ಯವಂತರು.) ಆ, ಏ, ಘ, ಛ, ಠ, ಢ, ಥ, ಧ, ಭ, ಶ, ಇಷ್ಟೂ ಎಡಗೈ ಬೆರಳಿನ ಅಕ್ಷರ. ಟೈಪಿಂಗ್ ಕಲಿತವರು ಇವಕ್ಕೆ ಬಲಗಡೆಯ ಶಿಫ್ಟನ್ನೇ ಒತ್ತುತ್ತಾರೆ.

ದೊಡ್ಡ ಕೀಬೋರ್ಡಿನಲ್ಲಿ ಬಲ ಶಿಫ್ಟ್ ಸಾಮಾನ್ಯ ಕೀಯ 2.75 ಪಟ್ಟು ಉದ್ದ. 65, 75 ಎರಡರಲ್ಲೂ ಮೇಲ್ಬಾಣಕ್ಕೆ ಜಾಗ ಬಿಟ್ಟುಕೊಟ್ಟು ಅದು 1.75ಕ್ಕೆ ಇಳಿದಿರುತ್ತದೆ. ಹಳೆಯ ರೂಢಿಯಲ್ಲಿ ಕಿರುಬೆರಳು ಚಾಚಿದರೆ ಬೀಳೋದು ಮೇಲ್ಬಾಣದ ಮೇಲೆ. ಕರ್ಸರ್ ಒಂದು ಸಾಲು ಮೇಲೆ ಹಾರುತ್ತದೆ, ಧ ಬರಬೇಕಾದಲ್ಲಿ ದ ಬಂದು ಮೇಲಿನ ಸಾಲಿನ ನಟ್ಟನಡುವೆ ಕೂರುತ್ತದೆ. ಬರೆಯುವವರ ಕಣ್ಣು ಕಾಗದದ ಮೇಲಿದ್ದರೆ ಇದು ಗೊತ್ತಾಗೋದು ಪುಟ ಮುಗಿದ ಮೇಲೆ. ಮೊದಲ ವಾರ ಹೀಗಾಗುತ್ತದೆ, ಆಮೇಲೆ ಬೆರಳು ಒಳಗೆ ಮಡಚೋದನ್ನು ಕಲಿಯುತ್ತದೆ. ಕಲಿಯದಿದ್ದರೆ 87 ಕೀಯ ಟಿಕೆಎಲ್ ತಗೊಳ್ಳೋದೇ ಲೇಸು, ಅದರಲ್ಲಿ ಬಲ ಶಿಫ್ಟ್ ಪೂರ್ತಿ ಉದ್ದ ಇರುತ್ತದೆ.

ಇನ್ನೊಂದು, ಹಳೆಯ ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸೋದು ಸ್ಕ್ರಾಲ್ ಲಾಕ್ ಕೀ. ಸಣ್ಣ ಬೋರ್ಡಿನಲ್ಲಿ ಆ ಕೀಯೇ ಇರೋದಿಲ್ಲ! ತುರ್ತಿಗೆ ವಿಂಡೋಸ್ + ಕಂಟ್ರೋಲ್ + ಓ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ, ಅದರಲ್ಲಿ ಸ್ಕ್ರಾಲ್ ಲಾಕ್ ಇದೆ. ದಿನಾ ಅದನ್ನೇ ಮಾಡೋದಾದರೆ ಕೀ ಬದಲಿಸಿಕೊಳ್ಳಬೇಕು.

ಖಡಖಡ_ಸ್ಪೇಸ್‌ಬಾರ್ (ಜಮಖಂಡಿ)

65ಕ್ಕ ಇಷ್ಟು ಬೈಬ್ಯಾಡ್ರಿ. ಕೀ ಬದಲಿಸಿಕೊಂಡ್ರ ಅದರಾಗೂ ಇನ್‌ಸ್ಕ್ರಿಪ್ಟ್ ಸುಸೂತ್ರ ನಡೀತೈತಿ. ಟ್ಯಾಲಿ ಇರೋದಕ್ಕ ನಾನೂ 75 ಅಂತೀನಿ, ಆ ಮಾತು ಬ್ಯಾರೆ.

ಕನ್ನಡಕ್ಕ ಕ್ಯಾಪ್ಸ್ ಲಾಕ್ ಬೇಕೇ ಇಲ್ಲ. ಎಡಗಿರುಬೆರಳಿನ ಮಗ್ಗಲದಾಗ ಇರೋ ಅಷ್ಟು ದೊಡ್ಡ ಕೀ ಸುಮ್ಮನ ಕೂತೈತಿ. ಅದನ್ನ ` ಮಾಡ್ರಿ. ಕ್ಯಾಪ್ಸ್ ಒತ್ತಿದ್ರ ೊ, ಶಿಫ್ಟ್ + ಕ್ಯಾಪ್ಸ್ ಒತ್ತಿದ್ರ ಒ.

ಶಾರ್ಪ್‌ಕೀಸ್ ಅನ್ನೋ ಪುಕ್ಕಟೆ ತಂತ್ರಾಂಶ ಐತಿ. ತೆರೆದು 'ಆ್ಯಡ್' ಒತ್ರಿ. ಎಡಗಡೆ ಪಟ್ಟಿಯೊಳಗ ಕ್ಯಾಪ್ಸ್ ಲಾಕ್ (00_3ಎ), ಬಲಗಡೆ ` (00_29) ಆರಿಸಿ ಓಕೆ ಕೊಡ್ರಿ, ಆಮ್ಯಾಲ 'ರೈಟ್ ಟು ರಿಜಿಸ್ಟ್ರಿ'. ಮಷೀನ್ ರೀಸ್ಟಾರ್ಟ್ ಮಾಡಿದ ಮ್ಯಾಲ, ಇಲ್ಲಾ ಲಾಗ್ ಆಫ್ ಆಗಿ ಮತ್ತ ಬಂದ ಮ್ಯಾಲನ ಅದು ಜಾರಿಗೆ ಬರೋದು, ಅಲ್ಲೀ ತನಕ ಏನೂ ಬದಲಾಗಂಗಿಲ್ಲ. ನುಡಿಯವರಿಗೆ ಇದೇ ರೀತಿ ಬಲ ಕಂಟ್ರೋಲನ್ನ ಸ್ಕ್ರಾಲ್ ಲಾಕ್ (00_46) ಮಾಡ್ರಿ. ಒಂದು ನೆನಪಿರ್ಲಿ, ಈ ಬದಲಾವಣೆ ಆ ಮಷೀನಿಗೆ ಹಚ್ಚಿದ ಎಲ್ಲಾ ಕೀಬೋರ್ಡಿಗೂ, ಎಲ್ಲಾ ಬಳಕೆದಾರರಿಗೂ ಹತ್ತತೈತಿ.

ಮೈಕ್ರೋಸಾಫ್ಟ್‌ನವರ ಪವರ್‌ಟಾಯ್ಸ್‌ನಾಗೂ ಕೀ ಬದಲಿಸಬಹುದು, ಆದ್ರ ಅದು ಹಿಂದ ಓಡತಿದ್ರ ಮಾತ್ರ. ಕೆಲಸ ಮಾಡೋ ಕಿಟಕಿ ಅಡ್ಮಿನ್ ಆಗಿ ತೆರೆದು, ಪವರ್‌ಟಾಯ್ಸ್ ಹಂಗ ತೆರೆದಿರದಿದ್ರ ಅಲ್ಲಿ ಬದಲಾವಣೆ ಹತ್ತಂಗಿಲ್ಲ.

ಎಲ್ಲಕ್ಕಿಂತ ಛಲೋದು ವಿಯಾ (ಕೀಗಳ ಕೆಲಸ ಬದಲಿಸೋ ತಂತ್ರಾಂಶ) ನಡಿಯೋ ಬೋರ್ಡ್. ಬದಲಾವಣೆ ಕೀಬೋರ್ಡಿನ ನೆನಪಿನಾಗನ ಉಳೀತೈತಿ, ಯಾವ ಮಷೀನಿಗೆ ಹಚ್ಚಿದ್ರೂ ಕೂಡ ಬರತೈತಿ. ಬದಲಿಸೋ ಹೊತ್ತಿಗೆ ಮಾತ್ರ ಕೇಬಲ್ ಹಚ್ಚಬೇಕು, ಹೆಚ್ಚಿನವು ವೈರ್‌ಲೆಸ್‌ನಾಗ ವಿಯಾಕ್ಕ ಕಾಣಂಗಿಲ್ಲ.

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

75 ಅಂತ ಖಾತ್ರಿ ಆತು. ಸ್ವಿಚ್ ಯಾವುದು? ರಾತ್ರಿ ಮಕ್ಕಳು ಮಲಗಿರತಾರ, ಗೋಡಿ ತೆಳ್ಳಗ ಅದ.

ಖಡಖಡ_ಸ್ಪೇಸ್‌ಬಾರ್ (ಜಮಖಂಡಿ)

ಸ್ವಿಚ್ಚಿನ ಜಾತಿಗೆ ಬಣ್ಣದ ಹೆಸರು ಇರತಾವ. ಹಂಗಾದ್ರ ಬ್ಲೂ ಬ್ಯಾಡ. ಒಂದೊಂದ್ ಏಟಿಗೂ ಕಟಕ್ ಅನ್ನತೈತಿ. ರೆಡ್ ಅಡೆತಡೆ ಇಲ್ಲದ ನೇರ ಸ್ವಿಚ್, ಚೆರ್ರಿ ಕಂಪನಿ ಲೆಕ್ಕದಾಗ 45 ಗ್ರಾಂ ಆಸುಪಾಸು ಒತ್ತಡ, 2 ಮಿ.ಮೀ. ಇಳಿದ್ರ ಅಕ್ಷರ ಬೀಳತೈತಿ, ಒಟ್ಟು ಇಳಿತ 4 ಮಿ.ಮೀ. ಮೆಂಬ್ರೇನ್ (ಒಳಗ ರಬ್ಬರ್ ಹಾಳಿ ಇರೋ ಸಾದಾ) ಕೀಬೋರ್ಡಿನ ಕೈ ಇದ್ದೋರು ರೆಡ್‌ನಾಗ ಬೆರಳು ಸುಮ್ಮನ ಇಟ್ರೂ ಅಕ್ಷರ ಉದುರಸ್ತಾರ. ಬ್ರೌನ್‌ನಾಗ ನಡುವೆ ಒಂದು ಸಣ್ಣ ಉಬ್ಬು ತಾಗತೈತಿ, ಕಟಕ್ ಇಲ್ಲ. ನಿಮಗ ಅದು ಸರಿ. ಹಾಟ್‌ಸ್ವಾಪ್ ಇರೋದನ್ನ ತಗೋರಿ, ಒಂದು ಸ್ವಿಚ್ ಕೆಟ್ರ ಬೆಸುಗೆ ಇಲ್ಲದ ಕಿತ್ತು ಬ್ಯಾರೆ ಹಾಕಬಹುದು. ಬೋರ್ಡ್ 3 ಪಿನ್ನಿಂದೋ 5 ಪಿನ್ನಿಂದೋ ಕೇಳ್ರಿ. 3 ಪಿನ್ ಬೋರ್ಡಿಗೆ 5 ಪಿನ್ ಸ್ವಿಚ್ ಹಾಕಬೇಕಾದ್ರ ಅದರ ಬದಿಯ ಎರಡು ಪ್ಲಾಸ್ಟಿಕ್ ಕಾಲು ನೇಲ್ ಕಟರ್‌ನಿಂದ ಕತ್ತರಿಸಬೇಕು.

ಸಪ್ಪಳದಾಗ ಅರ್ಧಪಾಲು ಮೇಜಿಂದು. ಟೊಳ್ಳ ಪ್ಲೈವುಡ್ ಅಂದ್ರ ಡೊಳ್ಳು ಇದ್ದಂಗ. ಕೆಳಗ ದಪ್ಪನ್ನ ಜಮಖಾನದ ತುಂಡು ಹಾಸ್ರಿ. ಕಂಬಳಿ ತುಂಡು ಸಪ್ಪಳ ಇನ್ನೂ ಛಲೋ ನುಂಗತೈತಿ, ಆದ್ರ ಉಣ್ಣಿ ಎಳಿ ಬಿಟ್ಟು ಸ್ವಿಚ್ಚಿನೊಳಗ ಹೋಗತೈತಿ.

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

ಬೋರ್ಡ್ ಬಂತು. 84 ಕೀ, ಬ್ರೌನ್, ಹಾಟ್‌ಸ್ವಾಪ್. ಡಾಂಗಲ್ (ಯುಎಸ್‌ಬಿಗೆ ಹಚ್ಚೋ ಸಣ್ಣ ರಿಸೀವರ್), ಬ್ಲೂಟೂತ್, ಕೇಬಲ್ ಮೂರೂ ಅದಾವ. ಡಾಂಗಲ್‌ನಾಗ ಒಂದು ತಕರಾರು ಅದ. ಒಂದೊಂದ್ ಸಲ 'ನನನನನನ' ಅಂತ ಓಡತದ, ಒಂದೊಂದ್ ಸಲ ಒತ್ತಿದ ಅಕ್ಷರ ಬರಂಗೇ ಇಲ್ಲ. ಇಂಥಾದೇ ಕೀ ಅಂತ ಇಲ್ಲ. ಡಾಂಗಲ್ ಸಿಪಿಯು ಹಿಂದಿನ ನೀಲಿ ಪೋರ್ಟಿನಾಗ ಅದ, ಅದರ ಮಗ್ಗಲ ಪೋರ್ಟಿಗೆ ಹೊರಗಿನ ಹಾರ್ಡ್ ಡಿಸ್ಕ್ ಹಚ್ಚೇವಿ. ವಾಪಸ್ ಕಳಿಸಬೇಕೇನ್ರಿ?

ಘಟಪ್ರಭಾ_ದಂಡಿ (ಬಾಗಲಕೋಟೆ)

ಕಳಿಸಬೇಡಿ. ನೀವು ಬರೆದಿದ್ದರಲ್ಲೇ ಕಾರಣ ಇದೆ.

ಅಕ್ಷರ ಮರುಕಳಿಸೋದರಲ್ಲಿ ಎರಡು ಜಾತಿ. ಒಂದೇ ಕೀ, ಎರಡೇ ಸಲ, 'ನನ' ಅಂತ ಬಂದರೆ ಅದು ಸ್ವಿಚ್ಚಿನ ದೋಷ. ಒಳಗಿನ ಲೋಹದ ಎಲೆ ಕ್ಷಣಮಾತ್ರ ಅದುರಿ ಎರಡು ಸಲ ಮುಟ್ಟುತ್ತದೆ, ಕೇಬಲ್ ಹಚ್ಚಿದರೂ ಹಾಗೇ ಆಗುತ್ತದೆ. ಯಾವ ಕೀಗಾದರೂ ಆಗಿ, ಉದ್ದಕ್ಕೆ ಓಡಿದರೆ ಅದು ರೇಡಿಯೋ ದೋಷ. ಕೀಬೋರ್ಡ್ 'ಒತ್ತಿದರು' ಅಂತ ಒಂದು ಸುದ್ದಿ, 'ಬಿಟ್ಟರು' ಅಂತ ಇನ್ನೊಂದು ಸುದ್ದಿ ಕಳಿಸುತ್ತದೆ. ಬಿಟ್ಟ ಸುದ್ದಿ ದಾರಿಯಲ್ಲಿ ತಡವಾದರೆ ನೀವಿನ್ನೂ ಒತ್ತಿಕೊಂಡೇ ಇದ್ದೀರಿ ಅಂತ ವಿಂಡೋಸ್ ತಿಳಿಯುತ್ತದೆ, ಸುಮಾರು ಅರ್ಧ ಸೆಕೆಂಡ್ ಕಾದು ಆಮೇಲೆ ಸೆಕೆಂಡಿಗೆ 30ರ ವೇಗದಲ್ಲಿ ತಾನೇ ಅಕ್ಷರ ಸುರಿಯುತ್ತದೆ. ಒತ್ತಿದ ಸುದ್ದಿಯೇ ಕಳೆದರೆ ಅಕ್ಷರ ಬರೋದೇ ಇಲ್ಲ. ನಿಮಗೆ ಎರಡೂ ಆಗುತ್ತಿದೆ.

ಕೇಬಲ್ ಹಚ್ಚಿ, ಬದಿಯ ಸ್ವಿಚ್ಚನ್ನು ಕೇಬಲ್ ಕಡೆ ತಳ್ಳಿ ಹತ್ತು ನಿಮಿಷ ಟೈಪ್ ಮಾಡಿ. ತೊಂದರೆ ಮಾಯವಾದರೆ ಕೀಬೋರ್ಡ್ ಚೆನ್ನಾಗಿದೆ ಅಂತಲೇ ಅರ್ಥ.

ಕಾರಣ ಆ ನೀಲಿ ಪೋರ್ಟ್. ಯುಎಸ್‌ಬಿ 3.0ದಲ್ಲಿ ಡೇಟಾ ಓಡುವಾಗ ಹೊರಸೂಸುವ ಗದ್ದಲ 2.4ರಿಂದ 2.5 ಗಿಗಾಹರ್ಟ್ಸ್ ತನಕ ಹರಡುತ್ತದೆ. ಇದನ್ನು ಇಂಟೆಲ್‌ನವರೇ 2012ರಲ್ಲಿ ಅಳೆದು ಪ್ರಕಟಿಸಿದ್ದಾರೆ. ನಿಮ್ಮ ಡಾಂಗಲ್ ಕೇಳಿಸಿಕೊಳ್ಳೋದೂ ಅದೇ ಪಟ್ಟಿಯಲ್ಲಿ. ಹಾರ್ಡ್ ಡಿಸ್ಕ್ ಮಗ್ಗುಲಲ್ಲಿ ಕೂತು ಕಿವಿಯಲ್ಲೇ ತಮಟೆ ಬಾರಿಸಿದಂತೆ. ಮೇಲಾಗಿ ಕೀಬೋರ್ಡಿಗೂ ಡಾಂಗಲ್‌ಗೂ ನಡುವೆ ತಗಡಿನ ಸಿಪಿಯು ಡಬ್ಬಿ ಅಡ್ಡ.

1 ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಕಪ್ಪು ಪೋರ್ಟಿಗೆ, ಅಂದರೆ ಯುಎಸ್‌ಬಿ 2.0ಗೆ ಹಚ್ಚಿ. ಡಾಂಗಲ್ಲನ್ನು ಮೇಜಿನ ಮೇಲೆ ತಂದು ಕೀಬೋರ್ಡಿನಿಂದ 20–30 ಸೆಂ.ಮೀ. ದೂರ ಇಡಿ, ಹಾರ್ಡ್ ಡಿಸ್ಕ್ ಇನ್ನೊಂದು ಬದಿಗೆ ಹೋಗಲಿ. ವೈಫೈ ರೂಟರ್ ಅದೇ ಕೋಣೆಯಲ್ಲಿದ್ದರೆ ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿ.

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

ಕೇಬಲ್‌ನಾಗ ಹತ್ತು ನಿಮಿಷ ಏನೂ ಆಗಲಿಲ್ಲ. ಎಕ್ಸ್‌ಟೆನ್ಶನ್ ಹಾಕಿದ ಮ್ಯಾಲ ಡಾಂಗಲ್‌ನಾಗೂ ನಿಂತದ. ಇನ್ನೊಂದು ಕೇಳತೀನ್ರಿ. ಬ್ಲೂಟೂತ್‌ನಾಗ ಇಟ್ರ, ಚಾ ಕುಡಿದು ಬಂದು ಕೂತಾಗ ಮೊದಲಿನ ಎರಡು ಮೂರು ಅಕ್ಷರ ನುಂಗತದ. ಬ್ಯಾಟರಿ ಬಗ್ಗೆನೂ ಹೇಳ್ರಿ, ಇಲ್ಲಿ ಏಪ್ರಿಲ್ ಬಂತಂದ್ರ ಬಿಸಲು ನಿಮಗ ಗೊತ್ತೇ ಅದ.

ಎರೆಮಣ್ಣು (ವಿಜಯಪುರ)

ಅಕ್ಷರ ನುಂಗೋದು ರೋಗ ಅಲ್ಲ, ಕೀಬೋರ್ಡಿನ ನಿದ್ದಿ. ಸುಮಾರು 10 ನಿಮಿಷ ಮುಟ್ಟದಿದ್ರ ಅದು ರೇಡಿಯೋ ಆರಿಸಿ ಮಲಗತದ. ಬ್ಲೂಟೂತ್‌ನಾಗ ಮತ್ತ ಜೋಡಿ ಆಗಲಿಕ್ಕೆ ಒಂದೆರಡು ಸೆಕೆಂಡ್ ಬೇಕು. ಬಂದು ಕೂತ ಕೂಡಲೇ ಶಿಫ್ಟ್ ಒಂದು ಸಲ ಒತ್ತಿ, ಎರಡು ಎಣಿಸಿ, ಆಮ್ಯಾಲ ಶುರು ಮಾಡ್ರಿ. ಎಂಟರ್ ಒತ್ತಿ ಎಬ್ಬಿಸಬ್ಯಾಡ್ರಿ, ಟ್ಯಾಲಿಯೊಳಗ ಅದು ಏನರೆ ಒಪ್ಪಿಬಿಡತದ. ಅಷ್ಟಾದ್ರೂ ಕಡೀತಿದ್ರ ಡಿವೈಸ್ ಮ್ಯಾನೇಜರ್‌ನಾಗ ಬ್ಲೂಟೂತ್ ಅಡಾಪ್ಟರ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಾಗಿನ ಮೊದಲನೇ ಟಿಕ್ ತಗೀರಿ. ಕರೆಂಟ್ ಉಳಸಲಿಕ್ಕೆ ಕಂಪ್ಯೂಟರ್ ಅಡಾಪ್ಟರ್ ಬಂದ್ ಮಾಡಬಹುದು ಅನ್ನೋ ಟಿಕ್ ಅದು. ಬಯೋಸ್ ಪರದೆಗೆ (ವಿಂಡೋಸ್ ಶುರು ಆಗೋ ಮೊದಲಿನ ಸೆಟ್ಟಿಂಗ್ ಪರದೆ) ಬ್ಲೂಟೂತ್ ಕೀಬೋರ್ಡ್ ನಂಬಬ್ಯಾಡ್ರಿ, ಕೇಬಲ್ ಅಥವಾ ಡಾಂಗಲ್ ಇಟ್ಕೋರಿ.

ಬ್ಯಾಟರಿ ತಿನ್ನೋದು ಟೈಪಿಂಗ್ ಅಲ್ಲ, ಕೀ ಕೆಳಗಿನ ಬೆಳಕು. ಕಾಗದದ ಮ್ಯಾಲ ಲೆಕ್ಕ ಹಾಕ್ರಿ. 4000 ಮಿಲಿಆಂಪ್ ತಾಸಿನ ಬ್ಯಾಟರಿ ಅದ ಅಂತ ಹಿಡೀರಿ. ಬೆಳಕು ಹಚ್ಚಿ 50 ಮಿಲಿಆಂಪ್ ಎಳೆದ್ರ 80 ತಾಸು, ದಿನಕ್ಕ 6 ತಾಸಿನಂಗ 13 ದಿನ. ಬೆಳಕು ಆರಿಸಿ 5 ಮಿಲಿಆಂಪ್ ಎಳೆದ್ರ 800 ತಾಸು. ಇನ್‌ಸ್ಕ್ರಿಪ್ಟ್ ಮಾಡೋರು ಕೀ ನೋಡಂಗೇ ಇಲ್ಲ, ಬೆಳಕು ಯಾರಿಗೆ?

ಚಾರ್ಜಿಗೆ ಕಂಪ್ಯೂಟರ್ ಪೋರ್ಟ್ ಸಾಕು, ಇಲ್ಲಾಂದ್ರ 5 ವೋಲ್ಟ್ 1 ಆಂಪಿನ ಹಳೇ ಮೊಬೈಲ್ ಚಾರ್ಜರ್. ಎರಡೂ ತುದಿಗೆ ಸಿ ಇರೋ ಕೇಬಲ್ ಹಚ್ಚಿದ್ರ ಕೆಲವು ಬೋರ್ಡ್ ಚಾರ್ಜೇ ತಗೊಳ್ಳಂಗಿಲ್ಲ. ಸತ್ತಿಲ್ಲ ಅದು. ಸಿ ಪೋರ್ಟಿನಾಗ ಹಾಕಬೇಕಾದ 5.1 ಕಿಲೋಓಮಿನ ಎರಡು ರೆಸಿಸ್ಟರ್ ಮಾಡಿದವರು ಬಿಟ್ಟಿರತಾರ, ಅದಕ್ಕ ಆ ಕಡಿ ಚಾರ್ಜರ್ ಕರೆಂಟೇ ಬಿಡಂಗಿಲ್ಲ. ಒಂದು ತುದಿ ಅಗಲ ಯುಎಸ್‌ಬಿ ಇರೋ ಕೇಬಲ್ ಹಚ್ಚಿದ್ರ ಚಾರ್ಜ್ ಆಗತದ.

ಬಿಸಿಲಿಗೆ: ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿದ ಮ್ಯಾಲ ಚಾರ್ಜ್ ಮಾಡೋದು ತಪ್ಪು. ಮಾಳಗಿ ಮ್ಯಾಲಿನ ಆರ್‌ಸಿಸಿ ಕೋಣಿಯೊಳಗ, ಪಡುವಣ ಕಿಟಕಿ ಮುಂದ ಮಧ್ಯಾಹ್ನ ಚಾರ್ಜಿಗೆ ಹಾಕಬ್ಯಾಡ್ರಿ, ಮುಂಜಾನೆ ಹಾಕ್ರಿ. ಸೂಟಿಗೆ ತಿಂಗಳಗಟ್ಟಲೆ ಊರು ಬಿಡೋದಿದ್ರ ಅರ್ಧ ಚಾರ್ಜ್ ಇಟ್ಟು, ಬದಿಯ ಸ್ವಿಚ್ ಬಂದ್ ಮಾಡಿ ಹೋಗ್ರಿ. ಸಮ ಮೇಜಿನ ಮ್ಯಾಲ ಬೋರ್ಡ್ ಒಮ್ಮೆಲೇ ತೊಟ್ಟಲಿನಂಗ ತೂಗಲಿಕ್ಕತ್ತಿದ್ರ ಬ್ಯಾಟರಿ ಉಬ್ಬಿ ತಳ ತಳ್ಳೇದ ಅಂತ ತಿಳೀರಿ. ಆಗ ಚಾರ್ಜ್ ನಿಲ್ಲಿಸ್ರಿ, ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಕಸದ ಗಾಡಿಗೆ ಹಾಕಬ್ಯಾಡ್ರಿ. ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡ್ರಿ.

ಕುಂದಾ_ಡಬ್ಬಿ (ಬೆಳಗಾವಿ)

ಇದಕ್ಕೆ ಒಂದು ಸೇರಿಸುತ್ತೇನೆ. ಅಲ್ಯುಮಿನಿಯಂ ಮೈಯ ಬೋರ್ಡನ್ನು ಎರಡು ಪಿನ್ ಚಾರ್ಜರಿನ ಲ್ಯಾಪ್‌ಟಾಪಿಗೆ ಹಚ್ಚಿ ಚಾರ್ಜ್ ಮಾಡುವಾಗ ಅಂಚು ಮುಟ್ಟಿದರೆ ಜುಮ್ ಅನ್ನುವುದುಂಟು. ಚಾರ್ಜರಿನ ಒಳಗಿನ ಗದ್ದಲ ಸೋಸುವ ಕೆಪಾಸಿಟರ್‌ನಿಂದ ಸೋರುವ ಅತ್ಯಲ್ಪ ಕರೆಂಟ್ ಅದು, ಅರ್ಥ್ ಇಲ್ಲದ್ದಕ್ಕೆ ಮೈಗೆ ಬರುತ್ತದೆ. ಮೂರು ಪಿನ್ ಇರುವ ಡೆಸ್ಕ್‌ಟಾಪಿನಲ್ಲೂ ಜುಮ್ ಅಂದರೆ ಗೋಡೆಯ ಸಾಕೆಟ್ಟಿಗೆ ಅರ್ಥ್ ಬಂದಿದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ ಕರೆದು ನೋಡಿಸಿ. ಅದನ್ನು ಕೀಬೋರ್ಡಿನ ದೋಷ ಅಂತ ಬಿಡಬೇಡಿ.

ಲೆಡ್ಜರ್_ಪುಟ (ಬೆಳಗಾವಿ)

ಮೇಜು 30 ಇಂಚು ಅಂದಿರಿ, ಅಂದ್ರ 76 ಸೆಂ.ಮೀ. ಮೆಕ್ಯಾನಿಕಲ್ ಬೋರ್ಡ್ ಅದರ ಮ್ಯಾಲ ಮತ್ತ ಮೂರು ಸೆಂ.ಮೀ. ಏರಸತೈತಿ. ಕುರ್ಚಿ ತಗ್ಗಿದ್ರ ಮಣಿಕಟ್ಟು ಮ್ಯಾಲ ಮಡಚಿ ಕೂರತೈತಿ, ಹದಿನೈದು ದಿನದಾಗ ನೋವು ಶುರು. ಕುರ್ಚಿ ಏರಿಸಿ ಮೊಳಕೈ ಕೀಗಳ ಮಟ್ಟಕ್ಕ ತರ್ರಿ, ಕಾಲು ನೆಲ ಬಿಟ್ರ ಕೆಳಗ ಮಣಿ ಇಡ್ರಿ. ಕೀಬೋರ್ಡಿನ ಹಿಂದಿನ ಕಾಲು ಮಡಚೇ ಇರ್ಲಿ, ತೆರೆದ್ರ ಮಣಿಕಟ್ಟು ಇನ್ನಷ್ಟು ಮಡಚತೈತಿ. ಮುಂದ 18–20 ಮಿ.ಮೀ. ಎತ್ತರದ ಕಟ್ಟಿಗಿ ಪಟ್ಟಿ ಇಡ್ರಿ, ಬಡಗಿ ಹತ್ರ ಉಳಿದ ತುಂಡು ರಂಧಾ ಹೊಡಿಸಿ ಅಂಚು ದುಂಡಗ ಮಾಡಿಸಿದ್ರ ಸಾಕು. ಆಳದ ಲೆಕ್ಕಾನೂ ಕೂಡತೈತಿ. ಮಾನಿಟರ್ ಪಾದ 20, ಕೀಬೋರ್ಡ್ 13, ಪಟ್ಟಿ 8, ಒಟ್ಟು 41. ನಿಮ್ಮ 45ರಾಗ ಹಿಡೀತೈತಿ.

ಎರೆಮಣ್ಣು (ವಿಜಯಪುರ)

ಧೂಳಿಂದು ಬಿಟ್ಟೇ ಹೋಗಿತ್ತು. ನಮ್ಮ ಕಡಿ ಎರೆಮಣ್ಣಿನ ಧೂಳು ಹಿಟ್ಟಿನಂಗ ಇರತದ, ಮುಚ್ಚಿದ ಕಿಟಕಿ ಸಂದ್ಯಾಗೂ ಬರತದ. ಕೆಲಸ ಮುಗಿದ ಕೂಡಲೇ ಒಂದು ಟವೆಲ್ ಹೊಚ್ಚ್ರಿ. ತಿಂಗಳಿಗೊಮ್ಮೆ ಬೋರ್ಡ್ ಡಬ್ಬ ಹಾಕಿ ಮೆತ್ತಗ ತಟ್ಟಿ, ಬ್ರಷ್ ಆಡಸ್ರಿ.

ಆರು ತಿಂಗಳಿಗೊಮ್ಮೆ ಕೀಕ್ಯಾಪ್ ಕಿತ್ತು ತೊಳೀಬೇಕು. ಮೊದಲು ಫೋಟೋ ತಗೀರಿ. ತಂತಿಯ ಪುಲ್ಲರ್ ಬಳಸ್ರಿ, ಕೂಡ ಬರೋ ಪ್ಲಾಸ್ಟಿಕ್ ಉಂಗುರ ಕೀ ಬದಿ ಕೆರೀತದ. ಸ್ಪೇಸ್‌ಬಾರ್, ಶಿಫ್ಟ್, ಎಂಟರ್ ಇವನ್ನ ಎರಡೂ ತುದಿಯಿಂದ ಸಮನಾಗಿ ಎತ್ತಬೇಕು. ಒಂದೇ ತುದಿ ಜಗ್ಗಿದ್ರ ಕೆಳಗಿನ ತಂತಿ ಸೊಟ್ಟ ಆಗತದ. ಉಗುರುಬೆಚ್ಚನ ನೀರಿಗೆ ಪಾತ್ರೆ ಸೋಪು ನಾಲ್ಕು ಹನಿ ಹಾಕಿ ಅರ್ಧ ತಾಸು ನೆನಸ್ರಿ. ಕುದಿಯೋ ನೀರು ಹಾಕಿದ್ರ ಎಬಿಎಸ್ ಪ್ಲಾಸ್ಟಿಕ್ಕಿನ ಕ್ಯಾಪ್ ಸೊಟ್ಟ ಹೊಡೀತಾವ. ತೊಳೆದ ಮ್ಯಾಲ ಬಟ್ಟಿ ಮ್ಯಾಲ ಡಬ್ಬ ಹಾಕಿ ಒಂದು ಪೂರ್ತಿ ದಿನ ನೆರಳಿನಾಗ ಒಣಗ್ಲಿ. ಕಾಂಡದ ತೂತಿನಾಗ ನೀರು ಉಳಿದ್ರ ಅದು ನೇರ ಸ್ವಿಚ್ಚಿಗೆ ಇಳೀತದ.

ಶೇಂಗಾ ಚಟ್ನಿಪುಡಿ ಬಿದ್ರ ಒರೆಸಬ್ಯಾಡ್ರಿ, ಎಣ್ಣಿ ಇರತದ, ಪುಡಿ ಮೆತ್ತಿಕೊಂಡು ಒಳಗ ಇಳೀತದ. ಮೊದಲು ಡಬ್ಬ ಹಾಕಿ ಉದುರಿಸಿ, ಆಮ್ಯಾಲ ಹತ್ತಿಕಡ್ಡಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ತಗೀರಿ. ಮೊಬೈಲ್ ರಿಪೇರಿಯವರ ಹತ್ರ ಐಪಿಎ ಅಂತ ಕೇಳಿದ್ರ ಸಿಗತದ. ಉಗುರಿನ ಬಣ್ಣ ತೆಗಿಯೋ ದ್ರಾವಣ ಮುಟ್ಟಿಸಬ್ಯಾಡ್ರಿ, ಪ್ಲಾಸ್ಟಿಕ್ ಕರಗತದ. ಚಾ ಚೆಲ್ಲಿದ್ರ ಮೊದಲು ಸ್ವಿಚ್ ಬಂದ್ ಮಾಡ್ರಿ. ವೈರ್ ಇಲ್ಲದಿದ್ರೂ ಒಳಗ ಬ್ಯಾಟರಿ ಜೀವಂತ ಇರತದ, ಅದನ್ನ ಭಾಳ ಮಂದಿ ಮರೀತಾರ.

ಖಡಖಡ_ಸ್ಪೇಸ್‌ಬಾರ್ (ಜಮಖಂಡಿ)

ನನ್ನ ಹೆಸರಿನ ವಿಷಯ ಇನ್ನೂ ಬಂದಿಲ್ಲ. ಸ್ಪೇಸ್‌ಬಾರ್ ಖಡಖಡ ಅಂದ್ರ ಸ್ವಿಚ್ಚಿಂದಲ್ಲ, ಕೆಳಗಿನ ಸ್ಟೆಬಿಲೈಸರ್ (ಉದ್ದ ಕೀ ಸಮನಾಗಿ ಇಳಿಯೋ ಹಂಗ ಹಿಡಿಯೋದು) ತಂತಿದು. ಕ್ಯಾಪ್ ತಗೀರಿ, ತಂತಿಯ ಎರಡೂ ತುದಿ ಪ್ಲಾಸ್ಟಿಕ್ಕಿನೊಳಗ ಹೋಗೋ ಕಡೆ ಕಡ್ಡಿಯಿಂದ ಡೈಎಲೆಕ್ಟ್ರಿಕ್ ಗ್ರೀಸ್ ಸಾಸಿವಿ ಕಾಳಿನಷ್ಟು ಹಚ್ಚ್ರಿ. ಮೋಟರ್ ಸಾಮಾನಿನ ಅಂಗಡಿಯೊಳಗ ಕೇಳ್ರಿ. ಡಬ್ಲ್ಯುಡಿ-40 ಹೊಡೀಬ್ಯಾಡ್ರಿ, ಎರಡು ದಿನ ಸುಮ್ಮನಾಗಿ ಆಮ್ಯಾಲ ಧೂಳು ಹಿಡಿದು ಮೊದಲಿಗಿಂತ ಹೆಚ್ಚಾಗತೈತಿ. ಅಡಿಗಿ ಎಣ್ಣಿನೂ ಬ್ಯಾಡ, ಜಿಗಟ ಆಗಿ ಇರಿವಿ ಬರತಾವ.

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

ಗ್ರೀಸ್ ಹಚ್ಚಿ ಕೂಡಿಸೀವಿ, ಖಡಖಡ ಹೋತು. ಆದ್ರ ಈಗ ವಿಂಡೋಸ್ + ಸ್ಪೇಸ್ ಒತ್ತಿದ್ರ ಭಾಷೆ ಬದಲಾಗವಲ್ದು. ಸ್ಪೇಸ್ ಹೊಡೀತದ, ವಿಂಡೋಸ್ ಕೀ ಒಂದೇ ಸತ್ತದ. ಕ್ಯಾಪ್ ಕೀಳುವಾಗ ಏನರೆ ಮುರೀತೇನ್ರಿ?

ಖಡಖಡ_ಸ್ಪೇಸ್‌ಬಾರ್ (ಜಮಖಂಡಿ)

ಮುರಿದಿಲ್ಲ. ಕೀಳುವಾಗ ಬೋರ್ಡ್ ಚಾಲೂ ಇತ್ತು, ಎಫ್‌ಎನ್ + ವಿಂಡೋಸ್ ಕೂಡಿ ಒತ್ತೀರಿ. ಗೇಮ್ ಆಡೋರಿಗೆ ಇಟ್ಟ ವಿಂಡೋಸ್ ಲಾಕ್ ಅದು. ಮತ್ತ ಅವೆರಡನ್ನ ಕೂಡಿ ಒಮ್ಮೆ ಒತ್ರಿ, ಬರದಿದ್ರ 3 ಸೆಕೆಂಡ್ ಹಿಡೀರಿ.

ಗುಮ್ಮಟದ_ಪ್ರತಿಧ್ವನಿ (ವಿಜಯಪುರ)

ಬಂತ್ರಿ.